ಯಾರಿಗೂ ಹಂಚಬೇಡ

ಬ್ರ್ಯಾಂಪ್ಟನ್
೯ ಸೆಪ್ಟೆಂಬರ್ ೨೦೧೨

ಕಲಾ,

ನೀನು ಹೋಗಿ ಎಂಟು ದಿನವಾಯಿತು. ಮದುವೆಯಾದ ಇಪ್ಪತ್ತು ವರ್ಷದಲ್ಲಿ ನಿನಗೆ ಬರೆಯುತ್ತಿರುವ ಮೊದಲ ಪತ್ರ ಇದು. ಮೊಬೈಲು ಸಿಗದ, ವಾರಕ್ಕೊಮ್ಮೆ ಸಾಮಾನಿನ ಟ್ರಕ್ಕಿನಲ್ಲಿ ಟಪಾಲು ಬರುವ ಬೇಟೆ ಕ್ಯಾಂಪಿಗೆ ಅಡುಗೆಯವಳಾಗಿ ಹೋಗಿ ನನ್ನ ಕೈಗೆ ಮತ್ತೆ ಪೆನ್ನು ಕೊಟ್ಟೆ. ಹಾವೇರಿಯ ಕನ್ನಡ ಮೇಜರ್ ಬಿ.ಎ. ಇಷ್ಟು ದಿನ ಲಾರಿ ಯಾರ್ಡಿನಲ್ಲಿ ಡಿಸ್ಪ್ಯಾಚ್ ಶೀಟು ತುಂಬುವುದಕ್ಕಷ್ಟೇ ಉಪಯೋಗವಾಗಿತ್ತು.

ಯಾರ್ಡಿನಲ್ಲಿ ಸುದ್ದಿ ಹಬ್ಬಿದೆ. ನಿನ್ನೆ ಬಲ್ಬೀರ್ ಟ್ರಕ್ಕಿನ ಕಿಟಕಿಯಿಂದಲೇ ಕೂಗಿದ: "ಭಾಯ್‌ಸಾಬ್! ಭಾಬೀಜಿ ಜಂಗಲ್ ಮೇ, ಔರ್ ಆಪ್ ಕಿಚನ್ ಮೇ?" ನಾನು ನಕ್ಕೆ. ನಗದಿದ್ದರೆ ಇನ್ನೂ ಜೋರಾಗಿ ಕೂಗುತ್ತಿದ್ದ.

ಬೇಟೆಯ ಸುರಕ್ಷತಾ ತರಗತಿಗೆ ಇಬ್ಬರೂ ಹೋಗಿದ್ದೆವು ಎಂಬುದನ್ನು ಮರೆಯಬೇಡ. ಬರಹದ ಪರೀಕ್ಷೆಯಲ್ಲಿ ನನಗೆ ತೊಂಬತ್ತಾರು, ನಿನಗೆ ಎಂಬತ್ತೊಂದು. ಕೈಪರೀಕ್ಷೆಯಲ್ಲಿ ಬೇಲಿ ದಾಟುವಾಗ ನನ್ನ ಬಂದೂಕಿನ ಬಾಯಿ ಪರೀಕ್ಷಕನ ಹೊಟ್ಟೆಯ ಕಡೆ ತಿರುಗಿತು, ಅಷ್ಟೇ. ಲೈಸೆನ್ಸು ನಿನಗೆ ಹೋಯಿತು, ತಿಳುವಳಿಕೆ ನನ್ನ ಹತ್ತಿರ ಉಳಿಯಿತು. ಅದನ್ನು ಈಗ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಮಲಗುವ ಕೋಣೆಯಲ್ಲಿ ಬಿಸ್ಕತ್ತಿನ ಚೂರು ಕೂಡ ಇರಕೂಡದು. ಕರಡಿಯ ಮೂಗು ನಮ್ಮ ಕನ್ನಡ ಸಂಘದ ಕಾರ್ಯದರ್ಶಿಯ ಮೂಗಿಗಿಂತ ಚುರುಕು. ಕರಡಿ ಕಂಡರೆ ಓಡಬೇಡ, ಬೆನ್ನು ತೋರಿಸಬೇಡ, ಜೋರಾಗಿ ಮಾತಾಡುತ್ತ ಹಿಂದೆ ಸರಿ. ಖಾರದ ಸ್ಪ್ರೇ ಚೀಲದಲ್ಲಿ ಬೇಡ, ಸೊಂಟದಲ್ಲಿರಲಿ. ಒಬ್ಬಳೇ ಎಲ್ಲಿಗೂ ಹೋಗಬೇಡ.

ನಿನ್ನ ಮಗಳು ಸಾಹಿತ್ಯ, ನಿಮ್ಮ ಕ್ಯಾಂಪಿನ ವೆಬ್‌ಸೈಟು ತೆಗೆದು ತೋರಿಸಿದಳು. ನಾರ್ಮನ್ ಅಂತ ಒಬ್ಬ ಗೈಡು ಇದ್ದಾನಂತೆ. ಫೋಟೋದಲ್ಲಿ ಬೆನ್ನು ಮಾತ್ರ ಕಾಣುತ್ತದೆ. ಅಗಲವಾದ ಬೆನ್ನು. ಆದ್ದರಿಂದ ಇಬ್ಬರೇ ಕೂಡ ಹೋಗಬೇಡ. ಮೂವರು ಉತ್ತಮ ಸಂಖ್ಯೆ. ಇದು ಪುಸ್ತಕದಲ್ಲಿಲ್ಲ, ನನ್ನ ಸ್ವಂತ ಸಂಶೋಧನೆ.

ಕರಡಿ ಕಂಡರೆ ನಿಂತು ಕೂಗು,
ಗೈಡು ಕಂಡರೆ ನೆಟ್ಟಗೆ ಸಾಗು.

— ಶಿವಾನಂದ


ಕ್ಯಾಂಪು
೧೭ ಸೆಪ್ಟೆಂಬರ್ ೨೦೧೨

ಪ್ರಾಸಪ್ರಿಯರಿಗೆ,

ಪತ್ರ ಬಂತು. ಡೋರೀನ್ ಕೈಗೆ ಕೊಡುವಾಗ ಲಕೋಟೆ ತೂಗಿ ನೋಡಿ, "ಈಸ್ ಹಿ ಓಕೆ?" ಎಂದು ಕೇಳಿದರು. ಡೋರೀನ್ ಅಂದರೆ ಈ ಕ್ಯಾಂಪಿನ ಒಡತಿ, ಅರವತ್ತು ದಾಟಿದ ಹೆಂಗಸು, ಕಡಿಮೆ ಮಾತು. ಹನ್ನೆರಡು ಜನಕ್ಕೆ ಮೂರು ಹೊತ್ತು ಬೇಯಿಸುತ್ತೇನೆ. ನನಗೆ ಬೇರೆಯದೇ ಪುಟ್ಟ ಕ್ಯಾಬಿನ್ ಕೊಟ್ಟಿದ್ದಾರೆ. ಕಿಟಕಿ ತೆಗೆದರೆ ಕೆರೆ. ಹನ್ನೊಂದು ವರ್ಷ ಕಿಟಕಿಯೇ ಇಲ್ಲದ ವೇರ್‌ಹೌಸಿನಲ್ಲಿ ಡಬ್ಬಕ್ಕೆ ಟೇಪು ಹಚ್ಚಿದವಳಿಗೆ ಮೊದಲ ಮೂರು ದಿನ ನಿದ್ದೆ ಬರಲಿಲ್ಲ, ಬೆಳಕು ಜಾಸ್ತಿಯಾಗಿ.

ನಿಮ್ಮ ಉಪದೇಶವೆಲ್ಲ ಇಲ್ಲಿ ಮೊದಲ ದಿನವೇ ಹೇಳಿದರು. ಕ್ಯಾಬಿನ್ನಿಗೆ ಆಹಾರ ಒಯ್ಯುವಂತಿಲ್ಲ. ತಿನ್ನುವ ವಸ್ತು, ಸೋಪು, ಟೂತ್‌ಪೇಸ್ಟು ಎಲ್ಲ ಅಡುಗೆಮನೆಯ ಹಿಂದಿನ ಕಬ್ಬಿಣದ ಪೆಟ್ಟಿಗೆಗೆ. ಈ ನಿಯಮ ಮುರಿದವರನ್ನು ಡೋರೀನ್ ಮುಂದಿನ ವರ್ಷ ಕರೆಯುವುದಿಲ್ಲ, ಮೂವತ್ತು ವರ್ಷದಿಂದ ಹಾಗೆಯೇ ನಡೆದಿದೆಯಂತೆ.

ಮುಂದಿನ ವರ್ಷದ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಎರಡು ಗಂಟೆ ಬಿಡುವು. ನಾರ್ಮನ್ ನನ್ನನ್ನು ಕಾಡುಕೋಳಿ ಬೇಟೆಗೆ ಕರೆದುಕೊಂಡು ಹೋಗುತ್ತಿದ್ದಾರೆ. ಹುಣಸೂರಿನ ಕಡೆ ಅಪ್ಪನ ಜೊತೆ ಮೊಲದ ಬಲೆ ಹಿಡಿದು ನಿಂತವಳು ನಾನು, ಸದ್ದಿಲ್ಲದೆ ನಡೆಯೋದು ಕಾಲಿಗೆ ಮರೆತಿರಲಿಲ್ಲ. ನಾರ್ಮನ್ ನೋಡಿ ಡೋರೀನ್‌ಗೆ ಹೇಳಿದರಂತೆ. ಈ ಸೀಸನ್ ತಪ್ಪಿಲ್ಲದೆ ಮುಗಿಸಿದರೆ ಮುಂದಿನ ಸಲ ಸೌಟು ಬೇರೆಯವರ ಕೈಗೆ, ನಾನು ಸಹಾಯಕ ಗೈಡು. ನಲವತ್ತಮೂರನೇ ವಯಸ್ಸಿನಲ್ಲಿ ನನಗೆ ಯಾರಾದರೂ ಒಂದು ಕೆಲಸಕ್ಕೆ 'ನೀನೇ ಬೇಕು' ಅಂದದ್ದು ಇದೇ ಮೊದಲು ಕಣ್ರೀ.

ಸಾಹಿತ್ಯ ಹಾಲು ಕುಡಿಯುತ್ತಾಳಾ?

— ಕಲಾ


ಬ್ರ್ಯಾಂಪ್ಟನ್
೨೪ ಸೆಪ್ಟೆಂಬರ್ ೨೦೧೨

ಕಲಾ,

ಸಾಹಿತ್ಯಳಿಗೆ ಹದಿನೇಳು ವರ್ಷ. ಹಾಲು ಕುಡೀ ಎಂದರೆ, "ಅಪ್ಪಾ, ಇಟ್ಸ್ ಓಟ್ ಮಿಲ್ಕ್ ನೌ" ಎನ್ನುತ್ತಾಳೆ. ಓಟ್ಸಿಗೆ ಕೆಚ್ಚಲು ಎಲ್ಲಿದೆ ಎಂದು ಕೇಳಿದೆ.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಡೋರೀನ್ ಹೆಸರು ನಾಲ್ಕು ಸಲ, ಕೆರೆ ಒಂದು ಸಲ, ನಾರ್ಮನ್ ಎರಡು ಸಲ, ನಾನು ಶೂನ್ಯ. 'ಪ್ರಾಸಪ್ರಿಯ' ಎಂಬುದನ್ನು ನನ್ನ ಲೆಕ್ಕಕ್ಕೆ ಸೇರಿಸಬಹುದೇ ಎಂದು ಸಾಹಿತ್ಯಳನ್ನು ಕೇಳಿದೆ. "ಯು ಆರ್ ಸೋ ಜೆಲಸ್, ಇಟ್ಸ್ ಎಂಬಾರಸಿಂಗ್" ಎಂದಳು. ಹೊಟ್ಟೆಕಿಚ್ಚು ನನಗಿಲ್ಲ. ಎರಡು ಗಂಟೆ ಬಿಡುವಿನಲ್ಲಿ ಮನುಷ್ಯ ಮಲಗಬೇಕು ಎಂಬುದಷ್ಟೇ ನನ್ನ ವಾದ.

ಇದರ ಜೊತೆ ಒಂದು ಪಾರ್ಸೆಲ್ ಕಳಿಸಿದ್ದೇನೆ. ಅಂಟಿನುಂಡೆ. ನಾನೇ ಮಾಡಿದ್ದು. ಎಟೋಬಿಕೋಕ್‌ವರೆಗೆ ಹೋಗಿ ಒಣಕೊಬ್ಬರಿ, ಉತ್ತತ್ತಿ, ಅಂಟು ತಂದೆ. ತುಪ್ಪದಲ್ಲಿ ಅಂಟು ಅರಳಿಸುವಾಗ ಕೈ ಸುಟ್ಟಿತು, ಬೆಲ್ಲದ ಪಾಕ ಎರಡು ಸಲ ಕೆಟ್ಟಿತು, ಮೂರನೇ ಸಲಕ್ಕೆ ನಮ್ಮವ್ವನ ಕೈ ನನಗೆ ಬಂತು. ಸಾಹಿತ್ಯ ಹುಟ್ಟಿದಾಗ ಅವ್ವ ನಿನಗೆ ಕಟ್ಟಿಕೊಟ್ಟದ್ದು ಇದೇ. ನಲವತ್ತು ಉಂಡೆ ಇವೆ, ದಿನಕ್ಕೊಂದು.

ಒಂದೇ ಕರಾರು. ಕಬ್ಬಿಣದ ಪೆಟ್ಟಿಗೆಗೆ ಇದನ್ನು ಹಾಕಬೇಡ, ಅಲ್ಲಿ ಎಲ್ಲರ ಕೈಯೂ ಹೋಗುತ್ತದೆ. ನಿನ್ನ ಹಾಸಿಗೆಯ ಕೆಳಗೆ ಇಟ್ಟುಕೋ. ಯಾರಿಗೂ ಹಂಚಬೇಡ. ನಿಯಮ ನನಗೂ ಗೊತ್ತು, ತೊಂಬತ್ತಾರು ತೆಗೆದವನು. ಆದರೆ ಸ್ಟೀಲ್ ಡಬ್ಬಿ, ಗಟ್ಟಿ ಮುಚ್ಚಳ, ಸುತ್ತ ಟೇಪು. ಕರಡಿಗೆ ಹಾವೇರಿಯ ಅಡುಗೆ ಏನು ಗೊತ್ತು?

ಉಂಡೆ ನಿನಗೆ, ಉಂಡೆಯ ಘಮವೂ ನಿನಗೆ,
ಹಂಚಿದರೆ ತಿಳಿಯುತ್ತದೆ ಹೇಗೋ ನನಗೆ.

— ಶಿವಾನಂದ


ಕ್ಯಾಂಪು
೪ ಅಕ್ಟೋಬರ್ ೨೦೧೨

ರೀ,

ಉಂಡೆ ಬಂದವು. ಮೊದಲನೆಯದನ್ನು ನಿಂತುಕೊಂಡೇ ತಿಂದೆ. ಅತ್ತೆಯ ಕೈರುಚಿಯೇ. ಬೆಲ್ಲ ಒಂದು ಚೂರು ಹೆಚ್ಚು, ಅದು ನಿಮ್ಮ ಕೈ. ಡಬ್ಬಿ ಹಾಸಿಗೆಯ ಕೆಳಗಿದೆ. ಇಡಬಾರದು ಎಂದು ಗೊತ್ತಿದ್ದೇ ಇಟ್ಟಿದ್ದೇನೆ. ಸುಟ್ಟ ಕೈಯಲ್ಲಿ ಕಟ್ಟಿದ್ದನ್ನು ಹನ್ನೆರಡು ಜನ ಕೈ ಹಾಕುವ ಪೆಟ್ಟಿಗೆಗೆ ಸುರಿಯಲು ನನಗೂ ಮನಸ್ಸಾಗಲಿಲ್ಲ.

ಮೊನ್ನೆ ಬಿಲ್ಲು ಬಾಣದವನೊಬ್ಬ ಮೂಸ್ ಹೊಡೆದ. ಮೂಸ್ ಅಂದರೆ ಎಮ್ಮೆಗಿಂತ ಎತ್ತರದ ಕಡವೆ ಅಂದುಕೊಳ್ಳಿ. ನನ್ನನ್ನೂ ಕರೆದರು. ಹೊಡೆಯುವುದಕ್ಕಿಂತ ಆಮೇಲಿನದೇ ಅಪಾಯ. ರಕ್ತದ ವಾಸನೆಗೆ ಕರಡಿ, ತೋಳ ಮೈಲಿಗಟ್ಟಲೆಯಿಂದ ಬರುತ್ತವಂತೆ. ಒಬ್ಬರು ಕೊಯ್ಯಬೇಕು, ಒಬ್ಬರು ಬೆನ್ನು ಕೊಟ್ಟು ಕಾಡು ಕಾಯಬೇಕು. ಕೊಯ್ಯುವವನು ತಲೆ ಎತ್ತಬಾರದು, ಕಾಯುವವನು ತಲೆ ತಗ್ಗಿಸಬಾರದು. ಕರುಳು ಒಂದು ಕಡೆ ಬಿಟ್ಟು, ಮಾಂಸವನ್ನು ನೂರು ಹೆಜ್ಜೆ ದೂರಕ್ಕೆ ಎಳೆದು ಮರಕ್ಕೆ ಏರಿಸಬೇಕು. ಉಳಿದದ್ದಕ್ಕೆ ಮತ್ತೆ ಬರುವಾಗ ದೂರದಿಂದಲೇ ದುರ್ಬೀನು ಹಿಡಿದು, ಯಾರಾದರೂ ಆಗಲೇ ಊಟಕ್ಕೆ ಕೂತಿದ್ದಾರೋ ಎಂದು ನೋಡಬೇಕು.

ನಾರ್ಮನ್ ಕೊಯ್ದರು, ನಾನು ಕಾದೆ. ಒಂದೂವರೆ ಗಂಟೆ. ಮುಗಿದ ಮೇಲೆ ಅವರು ನನ್ನ ಕಡೆ ತಿರುಗಿ, "ನನ್ನ ಬೆನ್ನ ಹಿಂದೆ ನೀನಿದ್ದೆ, ಹೆದರಿಕೆಯಾಗಲಿಲ್ಲ" ಎಂದರು. ಅಷ್ಟು ಸಂತೋಷ ನನಗೆ ಈಚೆಗೆ ಆಗಿರಲಿಲ್ಲ. ನಿಮಗೆ ಹೇಳಬೇಕೆನಿಸಿತು, ಹೇಳಿದೆ.

ಬಾಣ ಹೊಡೆದವನೂ ಅಲ್ಲೇ ಇದ್ದ. ಮೂವರಿದ್ದೆವು. ಸಮಾಧಾನವೇ?

— ಕಲಾ


ಬ್ರ್ಯಾಂಪ್ಟನ್
೧೦ ಅಕ್ಟೋಬರ್ ೨೦೧೨

ಕಲಾ,

ಸಮಾಧಾನ. ಬಹಳ ಸಮಾಧಾನ. ಇಪ್ಪತ್ತು ವರ್ಷ ನನ್ನ ಬೆನ್ನ ಹಿಂದೆ ನಿಂತೆಯಲ್ಲ, ನನಗೂ ಹೆದರಿಕೆಯಾಗಿರಲಿಲ್ಲ. ಹಾಗೆಂದು ಬಾಯಿ ಬಿಟ್ಟು ಹೇಳುವ ಬುದ್ಧಿ ಅಗಲ ಬೆನ್ನಿನವನಿಗೆ ಒಂದು ತಿಂಗಳಲ್ಲಿ ಬಂತು, ನನಗೆ ಬರಲಿಲ್ಲ. ಅವನು ಎಲ್ಲಿ ಓದಿದನೋ.

ನಿನ್ನೆ ಓಕ್‌ವಿಲ್‌ನ ರಾಮಮೂರ್ತಿ ಡಾಕ್ಟರು ಫೋನು ಮಾಡಿದ್ದರು. ಸಂಘದ ರಾಜ್ಯೋತ್ಸವಕ್ಕೆ ನಾನು ಪದ್ಯ ಓದಬೇಕಂತೆ. "ಏನ್ರೀ, ಯಜಮಾನ್ತಿ ಹುಲಿ ಬೇಟೆಗೆ ಹೋಗಿದಾರಂತೆ?" ಎಂದರು. ಹುಲಿ ಅಲ್ಲ, ಮೂಸ್ ಎಂದೆ. "ಒಂದೇ, ಒಂದೇ. ಹುಷಾರು ಕಣ್ರೀ, ಕಾಡು ರುಚಿ ಹತ್ತಿದ್ರೆ ನಾಡಿಗೆ ಬರಲ್ಲ" ಎಂದು ನಕ್ಕರು. ಹೃದಯದ ಡಾಕ್ಟರು. ಎಲ್ಲಿ ಚುಚ್ಚಬೇಕೆಂದು ಗೊತ್ತು.

ಸಹಾಯಕ ಗೈಡು ಅಂದರೆ ಪ್ರತಿ ವರ್ಷ ಮೂರು ತಿಂಗಳು. ಗೈಡಿಗೆ ಸಹಾಯಕಿ ಬೇಕು ಸರಿ, ಮನೆಗೆ? ಯೋಚಿಸು.

ಉಂಡೆ ಎಷ್ಟು ಉಳಿದಿವೆ? ನನ್ನ ಲೆಕ್ಕದಲ್ಲಿ ಮೂವತ್ತಾದರೂ ಇರಬೇಕು. ಕಡಿಮೆಯಿದ್ದರೆ ಯಾರು ತಿಂದರು ಎಂದು ಬರೆ.

ನೋಡುವ ಕಣ್ಣು ಕಾಡಿನ ಮೇಲಿರಲಿ,
ಕಾಯುವ ಮನಸ್ಸು ಬ್ರ್ಯಾಂಪ್ಟನ್ನಿನಲ್ಲಿರಲಿ.

— ಶಿವಾನಂದ


ಬ್ರ್ಯಾಂಪ್ಟನ್
೧೮ ಅಕ್ಟೋಬರ್ ೨೦೧೨

ಕಲಾ,

ಸೋಮವಾರ ಕೆಲಸದಿಂದ ಬಂದಾಗ ಮನೆಯ ಫೋನಿನ ಮಷೀನಿನಲ್ಲಿ ಡೋರೀನ್ ಅವರ ದನಿ ಇತ್ತು. ಕಲಾ ಚೆನ್ನಾಗಿದ್ದಾಳೆ, ನಾರ್ಮನ್‌ಗೆ ಪೆಟ್ಟಾಗಿದೆ, ಕಲಾ ಅವನನ್ನು ಪೇಟೆಯ ಆಸ್ಪತ್ರೆಗೆ ಕರೆದೊಯ್ದಿದ್ದಾಳೆ, ಈ ದಿನ ಅಲ್ಲೇ ಇರುತ್ತಾಳೆ. ಇಷ್ಟೇ. ತುರ್ತಿಗೆಂದು ಅವರು ಇಟ್ಟುಕೊಂಡ ಸ್ಯಾಟಲೈಟ್ ಫೋನಂತೆ, ತಿರುಗಿ ಮಾಡಿದರೆ ಸಿಗಲಿಲ್ಲ.

ಏನಾಯಿತು? ನಿನಗೆ ನಿಜವಾಗಿ ಏನೂ ಆಗಿಲ್ಲ ತಾನೇ? ಬೇಗ ಬರೆ.

— ಶಿವಾನಂದ


ಬ್ರ್ಯಾಂಪ್ಟನ್
೨೫ ಅಕ್ಟೋಬರ್ ೨೦೧೨

ಕಲಾವತಿ,

ಹತ್ತು ದಿನವಾಯಿತು. ನಿನ್ನಿಂದ ಒಂದು ಸಾಲಿಲ್ಲ.

ನಿನ್ನೆ ಡೋರೀನ್ ಮತ್ತೆ ಮಾಡಿದರು. ಫೋನು ತೆಗೆದದ್ದು ಸಾಹಿತ್ಯ. ನಾರ್ಮನ್‌ಗೆ ಬಲಗೈ ಎತ್ತಲಾಗುವುದಿಲ್ಲವಂತೆ. ಎರಡು ದಿನಕ್ಕೊಮ್ಮೆ ನೀನೇ ಟ್ರಕ್ಕಿನಲ್ಲಿ ಕೂರಿಸಿಕೊಂಡು ಪೇಟೆಗೆ ಬ್ಯಾಂಡೇಜಿಗೆ ಕರೆದೊಯ್ಯುತ್ತೀಯಂತೆ. ಎರಡು ಗಂಟೆ ದಾರಿ. ಹೋಗಲು ಎರಡು, ಬರಲು ಎರಡು. ಆ ಪೇಟೆಯಲ್ಲಿ ಆಸ್ಪತ್ರೆ ಇದೆ. ಆಸ್ಪತ್ರೆ ಇದ್ದ ಮೇಲೆ ಫೋನು ಇದೆ. ಅವನಿಗೆ ಔಷಧಿ ಹಾಕಿಸುವಾಗ ಹೊರಗೆ ಬೆಂಚಿನ ಮೇಲೆ ಕೂತಿರುತ್ತೀಯಲ್ಲ, ಆಗ ನಿನಗೆ ನಮ್ಮ ನಂಬರು ನೆನಪಾಗಲಿಲ್ಲವೇ?

"ಅಮ್ಮ ಮಸ್ಟ್ ಬಿ ಬಿಝಿ" ಎಂದಳು ನಿನ್ನ ಮಗಳು. ಹೌದು, ಬಿಝಿ. ನನಗೆ ಕಳೆದ ವರ್ಷ ಸೊಂಟ ಹಿಡಿದು ನಾಲ್ಕು ದಿನ ಮಲಗಿದ್ದಾಗ ನೀನು ಒಂದು ಶಿಫ್ಟು ಕೂಡ ಬಿಟ್ಟಿರಲಿಲ್ಲ. ಬಿಡು ಎಂದು ನಾನು ಕೇಳಿಯೂ ಇರಲಿಲ್ಲ. ಆದರೂ.

ಅಲ್ಲಿಯೇ ಇರುವುದಾದರೆ ಇರು. ಬರೆದು ತಿಳಿಸು, ಸಾಕು.

ಶಿವಾನಂದ


ಕ್ಯಾಂಪು
೩೧ ಅಕ್ಟೋಬರ್ ೨೦೧೨

ರೀ,

ನಿಮ್ಮ ಪತ್ರದ ಕೊನೆಯಲ್ಲಿ ಪ್ರಾಸವಿರಲಿಲ್ಲ. ಬೈದದ್ದಕ್ಕಿಂತ ಅದಕ್ಕೇ ನನಗೆ ಹೆದರಿಕೆಯಾಯಿತು. ಹೇಳಬಾರದು ಎಂದುಕೊಂಡಿದ್ದೆ, ಹೇಳುತ್ತೇನೆ.

ಹದಿನೈದನೇ ತಾರೀಕು ಮಧ್ಯಾಹ್ನ ಕಾಡುಕೋಳಿ ಬೇಟೆ ಮುಗಿಸಿ ನಾವಿಬ್ಬರೂ ಬರುತ್ತಿದ್ದೆವು. ಹೌದು, ಇಬ್ಬರೇ. ನನ್ನ ಕ್ಯಾಬಿನ್ನಿನ ಬಾಗಿಲು ಹಲಗೆ ಹಲಗೆಯಾಗಿ ಕಿತ್ತುಬಿದ್ದಿತ್ತು. ನಾರ್ಮನ್ "ಇಲ್ಲೇ ನಿಲ್ಲು" ಎಂದು ಮುಂದೆ ಹೋದರು. ಒಳಗಿಂದ ಕರಡಿ ಬಂತು. ಬಾಗಿಲಲ್ಲಿ ಇಬ್ಬರಿಗೂ ಜಾಗವಿರಲಿಲ್ಲ. ಅದು ಒಂದೇ ಸಲ ಕೈ ಬೀಸಿತು, ನಾರ್ಮನ್ ಪಕ್ಕಕ್ಕೆ ಬಿದ್ದರು. ಆಮೇಲೆ ಅದು ನಿಂತು ನನ್ನನ್ನು ನೋಡಿತು. ಅದರ ಮೂತಿಗೆ ಒಣಕೊಬ್ಬರಿ ಮೆತ್ತಿಕೊಂಡಿತ್ತು.

ನಾನು ಓಡಲಿಲ್ಲ. ಅಪ್ಪ ಹಂದಿ ಅಟ್ಟುವಾಗ ಬೈಯುತ್ತಿದ್ದ ಬೈಗುಳಗಳೆಲ್ಲ ಬಾಯಿಗೆ ಬಂದವು, ಒಂದನ್ನೂ ಬಿಡಲಿಲ್ಲ. ಬಂದೂಕು ಮೇಲಕ್ಕೆತ್ತಿ ಹಾರಿಸಿದೆ. ಎರಡನೇ ಸಲ ಹಾರಿಸಿದಾಗ ಅದು ತಿರುಗಿ ಕೆರೆಯ ಕಡೆ ಹೋಯಿತು. ಆತುರವೇನೂ ಇರಲಿಲ್ಲ, ಊಟ ಮುಗಿಸಿದವರ ಹಾಗೆ ಹೋಯಿತು. ನಾರ್ಮನ್ ಮುಂಗೈಗೆ ಹನ್ನೊಂದು ಹೊಲಿಗೆ. ಪೇಟೆ ಮುಟ್ಟುವವರೆಗೂ ನನ್ನ ಶಾಲು ಒತ್ತಿ ಹಿಡಿದು, ಒಂದೇ ಕೈಯಲ್ಲಿ ಟ್ರಕ್ಕು ಓಡಿಸಿದೆ.

ಆಸ್ಪತ್ರೆಯ ಫೋನಿನ ಮುಂದೆ ಮೂರು ಸಲ ನಿಂತಿದ್ದೇನೆ. ನಂಬರು ಒತ್ತಿದ್ದೇನೆ. ನಿಮ್ಮ ದನಿ ಕೇಳಿದರೆ 'ನಿಮ್ಮ ಉಂಡೆ' ಎಂಬ ಮಾತು ಬಾಯಿಂದ ಬಂದುಬಿಡುತ್ತದೆ ಎಂದು ಇಟ್ಟುಬಿಟ್ಟೆ. ಸುಟ್ಟ ಕೈಯಲ್ಲಿ ಕಟ್ಟಿ ಕಳಿಸಿದವರಿಗೆ ಅದನ್ನು ಹೇಗೆ ಹೇಳುವುದು?

ಡೋರೀನ್ ಕೇಳಿದರು. ನನ್ನದೇ ತಿಂಡಿ, ಮರೆತು ಒಳಗಿಟ್ಟೆ ಎಂದೆ. ಅವರು ಬೈಯಲಿಲ್ಲ, ಅಡುಗೆಮನೆಯ ಹಲಗೆಯ ಮೇಲೆ ಮುಂದಿನ ವರ್ಷದವರ ಪಟ್ಟಿಯಲ್ಲಿ ಆಗಲೇ ನನ್ನ ಹೆಸರು ಬರೆದಿದ್ದರು, ಅದನ್ನು ಬಟ್ಟೆಯಲ್ಲಿ ಒರೆಸಿದರು. ಒರೆಸಿ ಬಟ್ಟೆಯನ್ನು ಮಡಚಿಟ್ಟರು. ಆದ್ದರಿಂದ ನೀವು ಚಿಂತಿಸಬೇಕಿಲ್ಲ. ಮುಂದಿನ ಸೆಪ್ಟೆಂಬರಿಗೆ ನಾನು ಮನೆಯಲ್ಲೇ ಇರುತ್ತೇನೆ.

ನಾರ್ಮನ್ ಬಗ್ಗೆ ಕೇಳಿದಿರಿ. ಅವರು ನನಗೆ ಇಷ್ಟ. ನೀವು ಹೆದರುವ ರೀತಿಯಲ್ಲಲ್ಲ. ಆದರೆ ಇಷ್ಟವಿಲ್ಲ ಎಂದು ಸುಳ್ಳು ಬರೆಯಲಾರೆ.

— ಕಲಾ


ಬ್ರ್ಯಾಂಪ್ಟನ್
೬ ನವೆಂಬರ್ ೨೦೧೨

ಕಲಾ,

ನಿನ್ನ ಪತ್ರವನ್ನು ಅಡುಗೆಮನೆಯಲ್ಲಿ ನಿಂತೇ ಓದಿದೆ. ಕುರ್ಚಿ ಪಕ್ಕದಲ್ಲೇ ಇತ್ತು, ಕೂರಬೇಕೆಂದು ಹೊಳೆಯಲಿಲ್ಲ. ಸಾಹಿತ್ಯ ಬಂದು, "ಏನಾಯ್ತು ಅಪ್ಪಾ?" ಎಂದಳು. ಕನ್ನಡದಲ್ಲೇ ಕೇಳಿದಳು, ನನ್ನ ಮುಖ ಹಾಗಿತ್ತೇನೋ. "ನಿಮ್ಮವ್ವನ ಮ್ಯಾಲೆ ಕರಡಿ ಬಿಟ್ಟಾಂವ ನಾನs" ಎಂದೆ.

ಮಲಗುವಲ್ಲಿ ಚೂರೂ ಇರಕೂಡದು ಎಂದು ನಾನೇ ಬರೆದಿದ್ದೆ. ಹದಿನೈದು ದಿನಕ್ಕೆ ನಾನೇ ನಲವತ್ತು ಉಂಡೆ ಕಳಿಸಿ ಹಾಸಿಗೆಯ ಕೆಳಗಿಡು ಎಂದೆ. ನಿನ್ನ ಮೇಲೆ ಬರಬಹುದಾಗಿದ್ದ ಆ ಕೈ ಅವನ ಮೇಲೆ ಬಂತು. ಅವನು ಮುಂದೆ ಹೋಗಿದ್ದಕ್ಕೆ ನೀನು ಇದ್ದೀಯೆ.

ರಾಜ್ಯೋತ್ಸವದಲ್ಲಿ ಪದ್ಯ ಓದಲಿಲ್ಲ. ಬರೆದದ್ದೆಲ್ಲ ಪ್ರಾಸಬದ್ಧವಾಗಿ ಸುಳ್ಳಾಗಿ ಕಂಡಿತು.

ಡೋರೀನ್‌ಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಹಾಕಿದ್ದೇನೆ, ಸಾಹಿತ್ಯ ತಿದ್ದಿದಳು. ಸಾರ ಇಷ್ಟು: ತಪ್ಪು ಕಲಾವತಿಯದಲ್ಲ. ಡಬ್ಬಿ ಕಳಿಸಿದವನು ನಾನು, ಹಾಸಿಗೆಯ ಕೆಳಗೆ ಇಡಲು ಬಲವಂತ ಮಾಡಿದವನೂ ನಾನು. ಈ ಉಂಡೆಯನ್ನು ಯಾರಿಗಾಗಿ ಕಟ್ಟುತ್ತಾರೋ ಆ ಹೆಂಗಸು ಒಬ್ಬಳೇ ತಿನ್ನಬೇಕು, ಬೇರೆಯವರ ಕೈಗೆ ಸಿಗಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ದಯವಿಟ್ಟು ಅವಳ ಹೆಸರನ್ನು ಮತ್ತೆ ಬರೆಯಿರಿ.

ಒಪ್ಪಿದರೆ ಪ್ರತಿ ಶರತ್ಕಾಲಕ್ಕೂ ನೀನಿಲ್ಲದ ಮನೆ ಎಂದು ಗೊತ್ತಿದ್ದೇ ಬರೆದೆ.

— ಶಿವಾನಂದ


ಕ್ಯಾಂಪು
೧೨ ನವೆಂಬರ್ ೨೦೧೨

ರೀ,

ನಿಮ್ಮ ಪತ್ರವನ್ನು ಡೋರೀನ್ ಊಟದ ಮೇಜಿನಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಿದರು. ಓದಿ ಮುಗಿಸಿ ಕನ್ನಡಕ ತೆಗೆದು, ಅಂತಹ ಸಿಹಿಯನ್ನು ಯಾವಾಗ ಮಾಡುತ್ತಾರೆ ಎಂದು ನನ್ನನ್ನು ಕೇಳಿದರು. ಯೋಚಿಸದೆ ನಿಜ ಹೇಳಿಬಿಟ್ಟೆ: ಹೆರಿಗೆಯಾದಾಗ. ಮೇಜಿನ ಸುತ್ತ ಎಲ್ಲರೂ ನನ್ನ ಹೊಟ್ಟೆ ನೋಡಿದರು. "ಹನೀ, ಇಸ್ ದೇರ್ ಸಮ್‌ಥಿಂಗ್ ಯು ವಾಂಟ್ ಟು ಟೆಲ್ ಅಸ್?" ಎಂದರು ಡೋರೀನ್. ನಾರ್ಮನ್ ಎಡಗೈಯಲ್ಲಿ ಸೂಪು ಕುಡಿಯುತ್ತಿದ್ದವರು ಕೆಮ್ಮಿ ಹೊರಗೆ ಹೋದರು.

ನಗುವ ವಿಷಯವಲ್ಲ. ಮರುದಿನ ನಾರ್ಮನ್ ನನ್ನ ಹತ್ತಿರ ಬಂದು ಕ್ಷಮೆ ಕೇಳಿದರು. ಏಕೆ ಗೊತ್ತೇ? ಆಸ್ಪತ್ರೆಯಿಂದ ಬಂದ ಮೇಲೆ, ನನ್ನ ಕ್ಯಾಬಿನ್ನಿನ ನೆಲದಲ್ಲಿ ಚೆಲ್ಲಿ ಉಳಿದಿದ್ದ ಉಂಡೆಗಳನ್ನು ಎಡಗೈಯಲ್ಲೇ ಬಾಚಿ ಬೆಂಕಿಗೆ ಹಾಕಿದವರು ಅವರು. ನಿಮ್ಮ ಪದ್ಧತಿಯ ಪ್ರಕಾರ ಮುಟ್ಟಬಾರದಿತ್ತಲ್ಲ, ತಿಳಿಯದೆ ಮುಟ್ಟಿಬಿಟ್ಟೆ ಎಂದರು. ಹೊಲಿಗೆ ಹಾಕಿಸಿಕೊಂಡ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೇಳಿದರು. ನನಗೆ ನೆಲ ನೋಡುವಂತಾಯಿತು.

ಅಂತಹ ಪದ್ಧತಿ ನಿಮ್ಮ ಹಾವೇರಿಯಲ್ಲಿ ಇಲ್ಲ. ಸಾಹಿತ್ಯ ಹುಟ್ಟಿದಾಗ ಅತ್ತೆ ಬೀದಿಗೆಲ್ಲ ಹಂಚಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಡೋರೀನ್ ನನ್ನ ಹೆಸರನ್ನು ಮತ್ತೆ ಬರೆದಿದ್ದಾರೆ. ಆದರೆ ಸುಳ್ಳಿನ ಮೇಲೆ ಬರೆದದ್ದು. ಅದನ್ನಿಟ್ಟುಕೊಂಡು ನಾಳೆ ಆ ಮನುಷ್ಯನಿಗೆ ಬೆನ್ನು ಕೊಟ್ಟು ನಾನು ಕಾಡು ಕಾಯಲಾರೆ. ಏಕೆ ಹಂಚಬೇಡ ಎಂದಿರಿ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಅದನ್ನು ಅವರಿಬ್ಬರಿಗೆ ಬರೆಯಿರಿ. ಬರೆದರೆ ಅವರು ಹೆಸರು ಅಳಿಸಬಹುದು, ಅಳಿಸಲಿ.

ಕ್ಯಾಂಪು ಮುಚ್ಚುವುದು ಡಿಸೆಂಬರ್ ಒಂದಕ್ಕೆ. ನಿಮ್ಮ ಪತ್ರ ಬಂದ ಮೇಲೆ ಬಸ್ಸಿನ ಟಿಕೆಟು ತೆಗೆಸುತ್ತೇನೆ. ಬರದಿದ್ದರೆ ಚಳಿಗಾಲಕ್ಕೆ ಪೇಟೆಯ ಒಂದು ಹೋಟೆಲಿನಲ್ಲಿ ಅಡುಗೆ ಕೆಲಸವಿದೆ.

— ಕಲಾ


ಬ್ರ್ಯಾಂಪ್ಟನ್
೧೯ ನವೆಂಬರ್ ೨೦೧೨

ಕಲಾ,

ಇದರ ಜೊತೆಗಿರುವ ಇಂಗ್ಲಿಷ್ ಕಾಗದವನ್ನು ಅವರಿಬ್ಬರಿಗೂ ಕೊಡು. ಈ ಸಲ ಸಾಹಿತ್ಯಳಿಗೆ ತೋರಿಸಲಿಲ್ಲ; ತಪ್ಪುಗಳಿದ್ದರೆ ಇರಲಿ. ಕನ್ನಡದಲ್ಲಿ ಅದು ಹೀಗಿದೆ:

"ಡೋರೀನ್ ಅವರಿಗೆ, ನಾರ್ಮನ್ ಅವರಿಗೆ. ಹಿಂದಿನ ಪತ್ರದಲ್ಲಿ ನಾನು ಬರೆದ ಪದ್ಧತಿ ನಮ್ಮಲ್ಲಿ ಇಲ್ಲ. ನಮ್ಮ ಕಡೆ ಆ ಉಂಡೆಯನ್ನು ಕೇಳಿದವರಿಗೆಲ್ಲ ಕೊಡುತ್ತಾರೆ. ನಾರ್ಮನ್ ತಿನ್ನಬಾರದು ಎಂಬ ಒಂದೇ ಕಾರಣಕ್ಕೆ ಹಾಸಿಗೆಯ ಕೆಳಗೆ ಇಡಿಸಿದೆ. ನನ್ನ ಹೆಂಡತಿ ತನ್ನ ಪತ್ರದಲ್ಲಿ ಅವರ ಹೆಸರನ್ನು ಸಂತೋಷದಿಂದ ಬರೆದಿದ್ದಳು, ನನಗೆ ತಡೆಯಲಾಗಲಿಲ್ಲ. ನಾರ್ಮನ್ ಕ್ಷಮೆ ಕೇಳಬೇಕಾಗಿಲ್ಲ. ಕೇಳಬೇಕಾದವನು ನಾನು, ಕೇಳುತ್ತಿದ್ದೇನೆ. ಕಲಾವತಿ ಇದರಲ್ಲಿ ಸುಳ್ಳು ಹೇಳಿದ್ದು ಒಂದೇ ಸಲ, ಅದೂ ನನ್ನ ಮಾನ ಉಳಿಸಲು."

ಬರೆದು ಮುಗಿಸಿ ಎರಡು ಸಲ ಓದಿದೆ. ಗುರುತಿಲ್ಲದ ಗಂಡಸಿಗೆ ಇಂತಹದನ್ನು ಬರೆಯಬೇಕಾಗಿ ಬಂತಲ್ಲ ಎಂದು ನಿನ್ನ ಮೇಲೆ ಸಿಟ್ಟು ಬಂತು, ಅರ್ಧ ಗಂಟೆ ಇತ್ತು, ಹೋಯಿತು.

ಒಂದು ಮಾತನ್ನು ಅವರಿಗೆ ಬರೆಯಲಿಲ್ಲ, ನಿನಗೆ ಬರೆಯುತ್ತೇನೆ. ಹೊಟ್ಟೆಕಿಚ್ಚು ಹೋಗಿಲ್ಲ. ಎರಡು ಗಂಟೆ ದಾರಿ ಅವನ ಕೈಗೆ ನಿನ್ನ ಶಾಲು ಒತ್ತಿ ಹಿಡಿದಿದ್ದೆಯಲ್ಲ, ಆ ಹನ್ನೊಂದು ಹೊಲಿಗೆಯ ಮೇಲೂ ನನಗೆ ಹೊಟ್ಟೆಕಿಚ್ಚು. ಮುಂದಿನ ಸೆಪ್ಟೆಂಬರಿಗೂ ಇದು ಇದ್ದೇ ಇರುತ್ತದೆ.

ಆದರೂ ಆಗ ನೀನು ಹೋಗು.

— ಶಿವಾನಂದ